ಹದಿನೈದಕ್ಕೆ ಒಂಬತ್ತು: ಕಂಬಳದ ಚಿತ್ರ ನಡುವಿನಲ್ಲೇ ನಿಂತದ್ದೇಕೆ?

ಕರಾವಳಿಯ ಕಂಬಳಗಳಲ್ಲಿ ಈಗ ಕರೆಯ, ಅಂದರೆ ಕೋಣಗಳು ಓಡುವ ಕೆಸರುಗದ್ದೆಯ ಬದಿಯ ಕ್ಯಾಮೆರಾಗಳ ಸಾಲು ಕೋಣಗಳ ಸಾಲಿಗೇನೂ ಕಡಿಮೆಯಿಲ್ಲ. ನವೆಂಬರ್‌ನಿಂದ ಮಾರ್ಚ್‌ವರೆಗೆ ಅಲ್ಲಿ ತೆಗೆದ ಚಿತ್ರಗಳು ಆಮೇಲೆ ಒಂದೊಂದಾಗಿ ಸಲೋನ್‌ಗಳಿಗೆ, ಅಂದರೆ ಛಾಯಾಚಿತ್ರ ಸ್ಪರ್ಧೆಗಳಿಗೆ ಹೊರಡುತ್ತವೆ. ಫಲಿತಾಂಶದ ದಿನ ಹಲವರಿಗೆ ಹದಿನೈದಕ್ಕೆ ಎಂಟೋ ಒಂಬತ್ತೋ ಬಂದಿರುತ್ತದೆ. ಆಯ್ಕೆಯೂ ಇಲ್ಲ, ಪದಕವಂತೂ ಇಲ್ಲವೇ ಇಲ್ಲ. ಕೋಣದ ಕಣ್ಣು ಚೂಪಾಗಿ ಬಂದಿದೆ, ಹಾರಿದ ಕೆಸರುನೀರಿನ ಹನಿ ಹನಿಯೂ ನಿಂತಿದೆ, ಓಟಗಾರನ ತೋಳಿನ ನರ ಎಣಿಸಬಹುದು. ಹಾಗಾದರೆ ತಪ್ಪೆಲ್ಲಿ ಎಂಬ ಪ್ರಶ್ನೆಗೆ ಫೋಟೊಗ್ರಫಿ ಬಳಗಗಳಲ್ಲಿ ಸಿಗುವ ಉತ್ತರಗಳಲ್ಲಿ ಅರ್ಧಕ್ಕರ್ಧ ನಂಬಿಕೆಗಳೇ.

“ಅಂಕ ಕಡಿಮೆ ಬಂತೆಂದರೆ ಚಿತ್ರದಲ್ಲಿ ದೋಷವಿದೆ”

ಎಸ್ಸೆಸ್ಸೆಲ್ಸಿ ಉತ್ತರ ಪತ್ರಿಕೆಯ ಹಾಗೆ ಪೂರ್ಣಾಂಕದಿಂದ ಶುರುಮಾಡಿ ತಪ್ಪಿಗಿಷ್ಟು ಎಂದು ಕಳೆಯುತ್ತ ಹೋಗುವ ಲೆಕ್ಕ ಸಲೋನ್‌ನಲ್ಲಿಲ್ಲ. ಅಮೆರಿಕದಲ್ಲಿ 1934ರಲ್ಲಿ ಹುಟ್ಟಿದ ಛಾಯಾಗ್ರಹಣ ಸಂಘ ಪಿಎಸ್ಎ ಆಗಲಿ, ಯುರೋಪಿನಲ್ಲಿ 1950ರಲ್ಲಿ ಶುರುವಾದ ಛಾಯಾಗ್ರಹಣ ಒಕ್ಕೂಟ ಫಿಯಾಪ್ ಆಗಲಿ ಮಾನ್ಯತೆ ಕೊಟ್ಟ ಸ್ಪರ್ಧೆಗಳಲ್ಲಿ ನಡೆಯುವ ಕ್ರಮ ಸರಿಸುಮಾರು ಹೀಗಿರುತ್ತದೆ: ತೆಗೆದವರ ಹೆಸರಿಲ್ಲದೆ ಚಿತ್ರ ತೆರೆಯ ಮೇಲೆ ಬರುತ್ತದೆ. ಸಾಮಾನ್ಯವಾಗಿ ಮೂವರು ತೀರ್ಪುಗಾರರು ಒಬ್ಬರ ಅಂಕ ಇನ್ನೊಬ್ಬರಿಗೆ ಕಾಣದಂತೆ ತಮ್ಮ ತಮ್ಮ ಅಂಕ ಒತ್ತುತ್ತಾರೆ. ಒಂದರಿಂದ ಐದು ಎಂಬ ಅಳತೆ ಹೆಚ್ಚು ಬಳಕೆಯಲ್ಲಿದೆ, ಬೇರೆ ಅಳತೆಗಳೂ ಇವೆ. ಚಿತ್ರ ಎದುರಿಗಿರುವುದು ಕೆಲವೇ ಸೆಕೆಂಡು. ಎಲ್ಲ ಮುಗಿದ ಮೇಲೆ, ಬಂದ ಚಿತ್ರಗಳಲ್ಲಿ ಎಷ್ಟು ಪಾಲನ್ನು ಆಯ್ಕೆ ಮಾಡಬಹುದೋ ನೋಡಿಕೊಂಡು, ಇಷ್ಟು ಅಂಕದ ಮೇಲಿನವು ಒಳಗೆ ಎಂದು ಗೆರೆ ಎಳೆಯುತ್ತಾರೆ. ಆ ಗೆರೆ ಒಂದು ಸಲೋನ್‌ನಲ್ಲಿ ಹತ್ತಕ್ಕೆ ಬಿದ್ದರೆ ಇನ್ನೊಂದರಲ್ಲಿ ಹನ್ನೊಂದಕ್ಕೆ ಬೀಳಬಹುದು.

ಅಂದರೆ ನಿಮ್ಮ ಒಂಬತ್ತು, ಆ ದಿನ ಬಂದ ರಾಶಿಯಲ್ಲಿ ನಿಮ್ಮ ಚಿತ್ರ ಎಲ್ಲಿ ನಿಂತಿತು ಎಂಬುದರ ಗುರುತು. ನಿಜಕ್ಕೂ ಕೆಟ್ಟ ಚಿತ್ರಗಳಿಗೆ ಒಂದೋ ಎರಡೋ ಬೀಳುತ್ತದೆ. ಮೂರು ಬೀಳುವುದು ದೋಷವಿಲ್ಲದ ಚಿತ್ರಕ್ಕೆ. ಫೋಕಸ್ ಸರಿ, ಬೆಳಕು ಸರಿ, ಚೌಕಟ್ಟು ಸರಿ, ಮುಂದೇನು ಎಂದು ಕೇಳಿದರೆ ಉತ್ತರವಿಲ್ಲ. ಸರಾಸರಿ ಅಂಕದ ಗುಟ್ಟು ಬಹುಪಾಲು ಇಷ್ಟೇ. ತಪ್ಪು ಹುಡುಕಿ ತಿದ್ದಲು ಹೊರಟವರು ಅದಕ್ಕೇ ವರ್ಷಗಟ್ಟಲೆ ಅಲ್ಲೇ ಉಳಿಯುತ್ತಾರೆ, ತಿದ್ದಲು ಅಲ್ಲಿ ತಪ್ಪೇ ಇರುವುದಿಲ್ಲ.

“ಕ್ಷಣ ಸಿಕ್ಕಿದೆ, ಶಾರ್ಪ್ ಇದೆ, ಇನ್ನೇನು ಬೇಕು?”

ಇದು ಫಿಲ್ಮ್ ಕಾಲದಲ್ಲಿ ನಿಜವಾಗಿತ್ತು. ರೋಲಿಗೆ ಮೂವತ್ತಾರು ಚಿತ್ರ, ಕೈಯಲ್ಲೇ ತಿರುಗಿಸುವ ಫೋಕಸ್, ತೊಳೆದು ನೋಡುವವರೆಗೆ ಸಿಕ್ಕಿತೋ ಇಲ್ಲವೋ ಗೊತ್ತಿಲ್ಲ. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್, ಸಂಡೂರಿನ ಎಂ.ವೈ. ಘೋರ್ಪಡೆ ಅಂಥ ಛಾಯಾಗ್ರಾಹಕರು ಕಾಡಿನಲ್ಲಿ ಕೆಲಸ ಮಾಡಿದ ಆ ದಿನಗಳಲ್ಲಿ ಹಕ್ಕಿಯ ಕಣ್ಣು ಚೂಪಾಗಿ ಬಂದರೆ ಅದೇ ಒಂದು ಸಾಧನೆ. ಇವತ್ತಿನ ಮಿರರ್‌ಲೆಸ್ ಕ್ಯಾಮೆರಾ ಕಣ್ಣನ್ನು ತಾನೇ ಹುಡುಕಿ ಹಿಡಿದುಕೊಳ್ಳುತ್ತದೆ, ಸೆಕೆಂಡಿಗೆ ಇಪ್ಪತ್ತು ಚಿತ್ರ ತೆಗೆಯುತ್ತದೆ. ಕ್ಷಣ ಸಿಗುವುದು ಈಗ ಸ್ಪರ್ಧೆಗೆ ಬರಲು ಬೇಕಾದ ಅರ್ಹತೆ, ಗೆಲ್ಲಲು ಕಾರಣವಲ್ಲ.

ಕಂಬಳವನ್ನೇ ನೋಡಿ. ಓಟ ಮುಗಿಯುವ ಮಂಜೊಟ್ಟಿಯ ಕಡೆ ಉದ್ದ ಲೆನ್ಸ್ ಹಿಡಿದು ಕೂತರೆ ಕೋಣಗಳು ನೇರ ಎದುರಿಗೆ ಬರುತ್ತವೆ. ಷಟರ್ ಸೆಕೆಂಡಿನ ಎರಡು ಸಾವಿರದ ಒಂದಂಶಕ್ಕಿಟ್ಟರೆ ನೀರು ಗಾಜಿನ ಚೂರಿನಂತೆ ನಿಲ್ಲುತ್ತದೆ. ಎರಡು ಕೋಣ, ಒಬ್ಬ ಓಟಗಾರ, ಸುತ್ತ ನೀರು, ಹಿಂದೆ ಮಸುಕು. ಪಕ್ಕದಲ್ಲಿ ಕೂತವರಿಗೂ ಸಿಕ್ಕಿದ್ದು ಇದೇ. ತೀರ್ಪುಗಾರರು ಇಂಥದನ್ನು ಆ ವಿಭಾಗದಲ್ಲೇ ಆಗಲೇ ಹಲವು ನೋಡಿರುತ್ತಾರೆ, ಹೋದ ವರ್ಷವೂ ನೋಡಿದ್ದಾರೆ. ಬೆರಳು ತಾನಾಗಿ ಮೂರಕ್ಕೆ ಹೋಗುತ್ತದೆ. ಮೊದಲ ಬಾರಿ ಇಂಥ ಚಿತ್ರ ಸಲೋನ್‌ಗೆ ಬಂದಾಗ ಐದು ಬಿದ್ದಿದ್ದರೂ ಬಿದ್ದಿರಬಹುದು. ಚಿತ್ರ ಅದೇ, ಸುತ್ತಲಿನ ರಾಶಿ ಬದಲಾಯಿತು.

ಹೊಸತೇನು ಉಳಿದಿದೆ ಎಂದು ಕೇಳಬಹುದು. ಬೇಕಾದಷ್ಟಿದೆ, ಆದರೆ ಅದು ಕಂಬಳ ಗೊತ್ತಿದ್ದವರಿಗೆ ಕಾಣುತ್ತದೆ. ಹಗ್ಗ, ನೇಗಿಲು, ಅಡ್ಡಹಲಗೆ ಓಟಗಳಲ್ಲಿ ಲೆಕ್ಕ ವೇಗದ್ದು. ಕನೆಹಲಗೆಯಲ್ಲಿ ವೇಗ ಲೆಕ್ಕಕ್ಕಿಲ್ಲ. ಓಟಗಾರ ತೂತಿರುವ ಹಲಗೆಯ ಮೇಲೆ ನಿಲ್ಲುತ್ತಾನೆ, ತೂತಿನಿಂದ ನೀರು ಚಿಮ್ಮುತ್ತದೆ, ಅದು ಮೇಲೆ ಅಡ್ಡಲಾಗಿ ಕಟ್ಟಿದ ನಿಶಾನೆಯ ಬಟ್ಟೆಯನ್ನು ಮುಟ್ಟಬೇಕು. ಆರೂವರೆ ಕೋಲು, ಏಳೂವರೆ ಕೋಲು ಎಂದು ಎತ್ತರ ಹೇಳುವುದು ಇದಕ್ಕೇ. ಕರೆಯ ಬದಿಯ ಜನರೆಲ್ಲ ಆಗ ಮೇಲೆ ನೋಡುತ್ತಿರುತ್ತಾರೆ. ಆದರೆ ನಮ್ಮ ಚಿತ್ರಗಳಲ್ಲಿ ನಿಶಾನೆಯನ್ನು ಹುಡುಕಿ ನೋಡಿ. ಓಟಗಾರನ ಮುಖ ದೊಡ್ಡದಾಗಲಿ ಎಂದು ಬಿಗಿಯಾಗಿ ಕ್ರಾಪ್ ಮಾಡಿರುತ್ತಾರೆ, ಆಟದ ಗುರಿಯೇ ಚೌಕಟ್ಟಿನ ಹೊರಗೆ ಹೋಗಿರುತ್ತದೆ. ಉಳಿದದ್ದು ಯಾಕೆ ಹಾರಿತೆಂದು ತಿಳಿಯದ ನೀರು. ತೀರ್ಪುಗಾರರು ಲಿಸ್ಬನ್ನಿನವರಿರಲಿ, ಕೋಲ್ಕತ್ತದವರಿರಲಿ, ಅವರಿಗೆ ಕಂಬಳ ಗೊತ್ತಿರಬೇಕಿಲ್ಲ. ನೀರು, ಬಟ್ಟೆ, ಬಟ್ಟೆಯತ್ತ ಎತ್ತಿದ ಮುಖಗಳು ಒಂದೇ ಚಿತ್ರದೊಳಗೆ ಬಂದರೆ ಏನು ನಡೆಯುತ್ತಿದೆ ಎಂದು ಚಿತ್ರವೇ ಹೇಳುತ್ತದೆ. ಮೂರಕ್ಕೂ ನಾಲ್ಕಕ್ಕೂ ನಡುವಿನ ಅಂತರ ಹೆಚ್ಚಾಗಿ ಇಂಥ ಕಡೆ ಇರುತ್ತದೆ, ಲೆನ್ಸಿನ ಬೆಲೆಯಲ್ಲಿ ಅಲ್ಲ.

ಷಟರ್ ನಿಧಾನ ಮಾಡಿ ಎಲ್ಲವನ್ನೂ ಗೀರುಗೀರಾಗಿ ಎಳೆದರೆ ಬೇರೆಯಾಗಿ ಕಾಣುತ್ತದೆ ಎಂಬ ಸಲಹೆಯೂ ಇದೆ. ಹೌದು, ಕಾಣುತ್ತದೆ. ಈಗ ಅದನ್ನೂ ಎಲ್ಲರೂ ಮಾಡುತ್ತಿದ್ದಾರೆ.

“ಮೂರನೇ ಒಂದರ ನಿಯಮ ಪಾಲಿಸಿದ್ದೇನೆ”

ಚೌಕಟ್ಟನ್ನು ಮೂರು ಪಾಲು ಮಾಡಿ ಮುಖ್ಯವಾದದ್ದನ್ನು ಆ ಗೆರೆಗಳ ಮೇಲೆ ಕೂರಿಸಬೇಕೆನ್ನುವ ಈ ನಿಯಮಕ್ಕೆ ಹೆಸರಿಟ್ಟದ್ದು ಕ್ಯಾಮೆರಾ ಹುಟ್ಟುವ ಮೊದಲೇ, 1797ರಲ್ಲಿ. ಇಂಗ್ಲೆಂಡಿನ ಜಾನ್ ಥಾಮಸ್ ಸ್ಮಿತ್ ನಿಸರ್ಗದೃಶ್ಯದ ವರ್ಣಚಿತ್ರಗಳ ಬಗ್ಗೆ ಬರೆಯುತ್ತ ಅದನ್ನು ಹೇಳಿದ. ಕಲಿಯುವವರಿಗೆ ಒಳ್ಳೆಯ ಊರುಗೋಲು. ಆದರೆ ಅದಕ್ಕೆಂದು ಬೇರೆ ಅಂಕವಿಲ್ಲ, ಮುರಿದದ್ದಕ್ಕೆ ದಂಡವೂ ಇಲ್ಲ.

“ಇದಕ್ಕಾಗಿ ಎಷ್ಟು ಕಷ್ಟಪಟ್ಟೆ!”

ಬಿಸಿಲಲ್ಲಿ ಕಾದದ್ದು, ಕೆಸರಲ್ಲಿ ಬಿದ್ದದ್ದು, ಲೆನ್ಸ್ ಕೆಟ್ಟದ್ದು ತೆರೆಯ ಮೇಲೆ ಬರುವುದಿಲ್ಲ. ತೆಗೆದವನ ಕಣ್ಣಿಗೆ ಚಿತ್ರದ ಜೊತೆ ಆ ದಿನದ ಗದ್ದಲ, ವಾಸನೆ, ಗೆದ್ದ ಸಂಭ್ರಮ ಎಲ್ಲ ಸೇರಿ ಕಾಣುತ್ತದೆ. ತೀರ್ಪುಗಾರರಿಗೆ ಕಾಣುವುದು ಆಯತವೊಂದೇ. ಇನ್‌ಸ್ಟಾಗ್ರಾಂ ಲೈಕುಗಳ ಮಾತೂ ಅಷ್ಟೆ. ಅಲ್ಲಿ ಹೃದಯದ ಗುರುತು ಒತ್ತುವವರು ನಿಮ್ಮನ್ನು ಬಲ್ಲವರು, ನಿಮ್ಮ ಊರಿನ ಕೋಣಗಳನ್ನು ಬಲ್ಲವರು.

“ಇನ್ನೊಂದಿಷ್ಟು ಎಡಿಟ್ ಮಾಡಿದ್ದರೆ ಬರುತ್ತಿತ್ತು”

ಬಣ್ಣ ಗಾಢ ಮಾಡಿ, ಬಿಳಿಚಿದ ಆಕಾಶ ತೆಗೆದು ಮೋಡ ತುಂಬಿಸಿದರೆ ಅಂಕ ಏರುತ್ತದೆ ಎಂದು ನಂಬಿದವರು ವಿಭಾಗಗಳ ನಿಯಮ ಓದಿರುವುದಿಲ್ಲ. ಬಣ್ಣ ಅಥವಾ ಮೊನೊಕ್ರೋಮ್‌ನ ಮುಕ್ತ ವಿಭಾಗದಲ್ಲಿ ಇದಕ್ಕೆಲ್ಲ ಸಾಕಷ್ಟು ಸ್ವಾತಂತ್ರ್ಯವಿದೆ. ಫೋಟೊ ಜರ್ನಲಿಸಂ, ನಿಸರ್ಗ ವಿಭಾಗಗಳಲ್ಲಿ ಹೊಸ ಮೋಡ ಕೂರಿಸಿದ ಚಿತ್ರ ಅಂಕಕ್ಕೇ ಬಾರದೆ ಹೊರಬೀಳುತ್ತದೆ. ನಿಸರ್ಗ ಎಂದರೇನು ಎಂಬುದಕ್ಕೆ ಪಿಎಸ್ಎ, ಫಿಯಾಪ್ ಮತ್ತು ಬ್ರಿಟನ್ನಿನ ರಾಯಲ್ ಫೋಟೊಗ್ರಾಫಿಕ್ ಸೊಸೈಟಿ ಮೂರೂ ಸೇರಿ ಒಂದೇ ವ್ಯಾಖ್ಯೆ ಮಾಡಿಕೊಂಡು 2015ರಿಂದ ಬಳಸತೊಡಗಿದವು. ಅದರ ಪ್ರಕಾರ ಸಾಕುಪ್ರಾಣಿಗೆ, ತೋಟದಲ್ಲಿ ಬೆಳೆಸಿದ ಹೂವಿಗೆ ಅಲ್ಲಿ ಜಾಗವಿಲ್ಲ, ಕ್ರಾಪ್ ಮಾಡಬಹುದೇ ಹೊರತು ಚಿತ್ರದಲ್ಲಿದ್ದದ್ದನ್ನು ಅಳಿಸುವಂತಿಲ್ಲ, ಇಲ್ಲದ್ದನ್ನು ಸೇರಿಸುವಂತಿಲ್ಲ. ಚಂದಕ್ಕಿಂತ ಕಥೆಗೆ ಹೆಚ್ಚು ತೂಕ ಕೊಡಬೇಕು ಎಂಬ ಮಾತೂ ಅದರಲ್ಲಿದೆ. ಹಾಗಾಗಿ ಹಸಿರು ಹಿನ್ನೆಲೆಯಲ್ಲಿ ಸುಮ್ಮನೆ ಕೂತ ಹಕ್ಕಿ ಎಷ್ಟೇ ಮುದ್ದಾಗಿದ್ದರೂ ನಡುವಿನ ಅಂಕಕ್ಕೆ ನಿಲ್ಲುತ್ತದೆ, ಮರಿಗೆ ಗುಟುಕು ಕೊಡುವ ಹಕ್ಕಿ ಅದನ್ನು ದಾಟಿಹೋಗುತ್ತದೆ.

ಗೆದ್ದ ಮೇಲೂ ಇಂಥ ನಿಯಮಗಳು ಬಿಡುವುದಿಲ್ಲ. 2009ರ ವೈಲ್ಡ್‌ಲೈಫ್ ಫೋಟೊಗ್ರಾಫರ್ ಆಫ್ ದಿ ಇಯರ್ ಸ್ಪರ್ಧೆಯಲ್ಲಿ ಬೇಲಿಯ ಗೇಟು ಹಾರುವ ತೋಳದ ಚಿತ್ರಕ್ಕೆ ಮೊದಲ ಬಹುಮಾನ ಬಂತು. ಆ ತೋಳ ಪಳಗಿಸಿದ್ದಿರಬೇಕು ಎಂಬ ನಿರ್ಧಾರಕ್ಕೆ ಬಂದ ಸಂಘಟಕರು 2010ರ ಜನವರಿಯಲ್ಲಿ ಬಹುಮಾನ ಹಿಂತೆಗೆದುಕೊಂಡರು. ಚಿತ್ರ ತೆಗೆದವರು ಆರೋಪ ಒಪ್ಪಲಿಲ್ಲ.

“ಇದೆಲ್ಲ ಲಾಟರಿ, ತೀರ್ಪುಗಾರರ ಮರ್ಜಿ”

ಈ ನಂಬಿಕೆಯನ್ನು ಪೂರ್ತಿ ತಳ್ಳಿಹಾಕಲು ನಾನು ಸಿದ್ಧನಿಲ್ಲ. ಸರ್ಕಿಟ್ ಎಂದು ಕರೆಯುವ ಸ್ಪರ್ಧೆಗಳಲ್ಲಿ ಒಂದು ವಿಭಾಗಕ್ಕೆ ಕಳಿಸಿದ ಅದೇ ನಾಲ್ಕು ಚಿತ್ರಗಳನ್ನು ಹಲವು ಸಲೋನ್‌ಗಳ ಬೇರೆ ಬೇರೆ ತಂಡಗಳು ನೋಡುತ್ತವೆ. ಒಂದು ಕಡೆ ತಿರಸ್ಕಾರವಾದದ್ದಕ್ಕೆ ಇನ್ನೊಂದು ಕಡೆ ಪದಕ ಬರುವುದು ಅಲ್ಲಿ ಅಪರೂಪವೇನಲ್ಲ. ಆದರೆ ಲಾಟರಿಯಾಗಿದ್ದರೆ ಕೆಲವರ ಚಿತ್ರಗಳೇ ಮತ್ತೆ ಮತ್ತೆ ಆಯ್ಕೆಯಾಗುತ್ತಿರಲಿಲ್ಲ.

ಮರ್ಜಿಗಿಂತ ದೊಡ್ಡ ತೊಂದರೆ ಕೂಡಿಸುವ ಲೆಕ್ಕದಲ್ಲೇ ಇದೆ. ಮೂರು, ಮೂರು, ಮೂರು ಕೂಡಿದರೆ ಒಂಬತ್ತು. ಐದು, ಎರಡು, ಎರಡು ಕೂಡಿದರೂ ಒಂಬತ್ತೇ. ಮೊದಲನೆಯದು ಯಾರನ್ನೂ ನೋಯಿಸದ, ಯಾರನ್ನೂ ಹಿಡಿದು ನಿಲ್ಲಿಸದ ಚಿತ್ರ. ಎರಡನೆಯದು ಒಬ್ಬರನ್ನು ಬಡಿದೆಬ್ಬಿಸಿ ಇಬ್ಬರಿಗೆ ಕಿರಿಕಿರಿ ಮಾಡಿದ ಚಿತ್ರ. ಫಲಿತಾಂಶದ ಪಟ್ಟಿಯಲ್ಲಿ ಇವೆರಡೂ ಅಕ್ಕಪಕ್ಕ ಕೂತಿರುತ್ತವೆ. ಮೂವರ ಮೊತ್ತ ಹಿಡಿಯುವ ಪದ್ಧತಿ ಎಲ್ಲರೂ ಸುಮಾರಾಗಿ ಒಪ್ಪುವ ಚಿತ್ರಗಳ ಕಡೆ ವಾಲುತ್ತದೆ, ಸಲೋನ್ ಚಿತ್ರಗಳೆಲ್ಲ ಒಂದೇ ಅಚ್ಚಿನವು ಎಂಬ ದೂರಿಗೆ ಇದೂ ಒಂದು ಕಾರಣ ಎಂದು ನನ್ನ ಅನಿಸಿಕೆ.

ಕೆಲವು ಸಂಘಟಕರು ಪ್ರತಿ ತೀರ್ಪುಗಾರರ ಅಂಕವನ್ನು ಬಿಡಿಬಿಡಿಯಾಗಿ ಕೊಡುತ್ತಾರೆ, ಕೆಲವು ಕ್ಲಬ್ಬುಗಳು ತೀರ್ಪು ನಡೆಯುವ ಕೋಣೆಯಲ್ಲಿ ಸದಸ್ಯರನ್ನು ಕೂರಲು ಬಿಡುತ್ತವೆ. 1971ರಿಂದ ಇರುವ ಬೆಂಗಳೂರಿನ ಯೂತ್ ಫೋಟೊಗ್ರಾಫಿಕ್ ಸೊಸೈಟಿಯಂಥ ಸಂಸ್ಥೆಗಳ ಸುತ್ತ ಬೆಳೆದವರಲ್ಲಿ ಹಿರಿಯರಿಗೆ ಚಿತ್ರ ತೋರಿಸಿ ಬೈಸಿಕೊಳ್ಳುವ ಅಭ್ಯಾಸವೂ ಇದೆ. ಬಿಡಿ ಅಂಕ ಸಿಕ್ಕಿತೆನ್ನಿ. ಮೂರೂ ಮೂರಾಗಿದ್ದರೆ ಆ ಚಿತ್ರವನ್ನು ಇನ್ನೊಂದು ಸಲೋನ್‌ಗೆ ಕಳಿಸಿ ಪ್ರವೇಶ ಶುಲ್ಕ ಕಳೆದುಕೊಳ್ಳುವುದು ಬೇಡ, ಮುಂದಿನ ಕಂಬಳಕ್ಕೆ ಬೇರೆ ಜಾಗದಲ್ಲಿ ಕೂರಿ. ಒಂದು ಐದು ಇದ್ದರೆ ಮಾತ್ರ ಒಂದು ಚೂರೂ ತಿದ್ದದೆ ಬೇರೆ ತಂಡದ ಮುಂದಿಡಿ.