ಎಣಿಕೆಗೆ ಏನವಸರ?

2020ರ ಡಿಸೆಂಬರ್ 30, ಗ್ರಾಮ ಪಂಚಾಯಿತಿ ಚುನಾವಣೆಯ ಎಣಿಕೆ. ಬೀದರ್ ಜಿಲ್ಲೆಯೊಂದನ್ನು ಬಿಟ್ಟು ಉಳಿದ ಕಡೆಯೆಲ್ಲ ಮತಪತ್ರ. ತಾಲ್ಲೂಕು ಕೇಂದ್ರದ ಹೈಸ್ಕೂಲಿನಲ್ಲಿ ಮೇಷ್ಟ್ರುಗಳು ಪೆಟ್ಟಿಗೆ ಬೋರಲು ಹಾಕಿ, ಮಡಿಕೆ ಬಿಡಿಸಿ, ಒಂದೊಂದೇ ಕಾಗದವನ್ನು ಏಜೆಂಟರ ಕಡೆ ಹಿಡಿದು ತೋರಿಸುತ್ತಿದ್ದರು. ಮುದ್ರೆ ಎರಡು ಚಿಹ್ನೆಗಳ ನಡುವಿನ ಗೆರೆ ಮೇಲೆ ಬಿದ್ದಿತ್ತೋ, ಮುಗಿಯಿತು, ಕಾಲು ಗಂಟೆ ವಾಗ್ವಾದ. ನಾನಿದ್ದ ಕಡೆ ಕೊನೆಯ ಫಲಿತಾಂಶ ಬರುವಾಗ ನಡುರಾತ್ರಿ ದಾಟಿತ್ತು. ತಡವಾಯಿತೆಂದು ಯಾರೂ ಗೊಣಗಲಿಲ್ಲ. ಸೋತವನೂ ತನ್ನ ಕಣ್ಣಾರೆ ನೋಡಿ ಎದ್ದುಹೋದ.

ವಿಧಾನಸಭೆ, ಲೋಕಸಭೆಯದು ಬೇರೆ ಕಥೆ. ಬೆಳಿಗ್ಗೆ ಎಂಟಕ್ಕೆ ಅಂಚೆ ಮತ, ಎಂಟೂವರೆಗೆ ಯಂತ್ರ. ಎಂಟೂ ಐದಕ್ಕೇ ಟಿ.ವಿ.ಯಲ್ಲಿ ‘ಮುನ್ನಡೆ’! ಸಾಮಾನ್ಯವಾಗಿ ಹದಿನಾಲ್ಕು ಮೇಜು, ಒಂದು ಸುತ್ತಿಗೆ ಹದಿನಾಲ್ಕು ಮತಗಟ್ಟೆ. ಗುಂಡಿ ಒತ್ತಿದರೆ ಅಂಕಿ ಬರಲು ಹೊತ್ತೇನೂ ಬೇಡ. ಹೊತ್ತು ಹಿಡಿಯುವುದು ಸೀಲು ನೋಡುವುದಕ್ಕೆ, ಮತಗಟ್ಟೆಯಲ್ಲಿ ಬಿದ್ದ ಮತ ಬರೆದಿಟ್ಟ 17ಸಿ ನಮೂನೆಯ ಲೆಕ್ಕಕ್ಕೆ ತಾಳೆ ಹಾಕುವುದಕ್ಕೆ, ತಂತಿಜಾಲರಿಯ ಆಚೆ ನಿಂತ ಏಜೆಂಟರು ಬರೆದುಕೊಳ್ಳುವುದಕ್ಕೆ. ನಂಬಿಕೆ ಹುಟ್ಟುವುದು ಈ ನಿಧಾನದಲ್ಲೇ.

2023ರ ಮೇ 13ರಂದು ಜಯನಗರದಲ್ಲಿ ಆದದ್ದು ನೆನಪಿರಬಹುದು. ರಾಜ್ಯದ ಚಿತ್ರ ಮಧ್ಯಾಹ್ನವೇ ಸ್ಪಷ್ಟವಾಗಿತ್ತು. ಅಲ್ಲಿ ಮಾತ್ರ ಮರು ಎಣಿಕೆ, ಅಂಚೆ ಮತಗಳ ತಕರಾರು, ಕೇಂದ್ರದ ಹೊರಗೆ ಕೂಗಾಟ ರಾತ್ರಿಯವರೆಗೂ ನಡೆಯಿತು. ಕೊನೆಗೆ ಬಿಜೆಪಿಯ ಸಿ.ಕೆ. ರಾಮಮೂರ್ತಿ ಕಾಂಗ್ರೆಸ್ಸಿನ ಸೌಮ್ಯಾ ರೆಡ್ಡಿ ಅವರನ್ನು 16 ಮತಗಳಿಂದ ಸೋಲಿಸಿದರು. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಗೆದ್ದದ್ದಂತೂ ಒಂದೇ ಒಂದು ಮತದಿಂದ.

ಇಂಥ ಕಡೆ ಕಾಗದದ ಚೀಟಿಗಳನ್ನೇ ಎಣಿಸಿ ನೋಡಬಾರದೇ? ವಿವಿಪ್ಯಾಟ್ ಪೆಟ್ಟಿಗೆಯಲ್ಲಿ ಚೀಟಿ ಇದ್ದೇ ಇರುತ್ತದೆ. ಆದರೆ 2019ರ ಸುಪ್ರೀಂ ಕೋರ್ಟ್ ಆದೇಶದಂತೆ ತಾಳೆ ನೋಡುವುದು ಪ್ರತಿ ವಿಧಾನಸಭಾ ಕ್ಷೇತ್ರದ ಐದು ಮತಗಟ್ಟೆಗಳದ್ದು ಮಾತ್ರ. ಅರ್ಧದಷ್ಟಾದರೂ ಎಣಿಸಿ ಎಂದು ವಿರೋಧ ಪಕ್ಷಗಳು ಕೇಳಿದಾಗ, ಫಲಿತಾಂಶ ಸುಮಾರು ಆರು ದಿನ ತಡವಾಗುತ್ತದೆ ಎಂದಿತ್ತು ಚುನಾವಣಾ ಆಯೋಗ.

ಆರು ದಿನ! 2024ರಲ್ಲಿ ನಮ್ಮ 14 ಲೋಕಸಭಾ ಕ್ಷೇತ್ರಗಳು ಏಪ್ರಿಲ್ 26ರಂದು ಮತ ಹಾಕಿ ಜೂನ್ 4ರವರೆಗೆ 39 ದಿನ ಕಾದವು. ಯಂತ್ರಗಳು ಸ್ಟ್ರಾಂಗ್ ರೂಮಿನಲ್ಲಿ, ಬಾಗಿಲಿಗೆ ಪೊಲೀಸ್ ಕಾವಲು. ಆಗ ಯಾರ ಹೊಟ್ಟೆಯೂ ಉರಿಯಲಿಲ್ಲ. ಎಲ್ಲ ಚೀಟಿಗಳ ತಾಳೆ ಬೇಕೆಂಬ ಬೇಡಿಕೆಯನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿದ್ದೂ ಅದೇ ಏಪ್ರಿಲ್ 26ರಂದು. ಚೀಟಿ ಎಣಿಸಲು ಯಂತ್ರ ಬಳಸಬಹುದೇ ನೋಡಿ ಎಂದು ಆಯೋಗಕ್ಕೆ ಸೂಚಿಸಿತು.

ತಡವಾದಷ್ಟೂ ಗಾಳಿಸುದ್ದಿ ಹೆಚ್ಚುತ್ತದೆ ಎನ್ನುವುದು ಸುಳ್ಳಲ್ಲ. ಅತಂತ್ರ ವಿಧಾನಸಭೆ ಬಂದರಂತೂ ಆ ಆರು ದಿನದಲ್ಲಿ ಶಾಸಕರು ಯಾವ ರೆಸಾರ್ಟ್ ಸೇರುತ್ತಾರೋ, ಕರ್ನಾಟಕದವರಿಗೆ ಬಿಡಿಸಿ ಹೇಳಬೇಕಿಲ್ಲ. ಹಾಗಾಗಿ ಎಲ್ಲ ಕಡೆ ಎಣಿಸಿ ಎಂದು ನಾನೂ ಹೇಳುವುದಿಲ್ಲ. ಆದರೆ ಚೀಟಿ ಎಣಿಸಿ ಎಂದು ಅಭ್ಯರ್ಥಿ ಅರ್ಜಿ ಕೊಟ್ಟರೆ ಒಪ್ಪುವುದು, ಬಿಡುವುದು ಈಗ ಚುನಾವಣಾಧಿಕಾರಿಯ ವಿವೇಚನೆ. ಅಂತರ ನೂರು ಮತದೊಳಗಿದ್ದರೆ ಆ ವಿವೇಚನೆಗೆ ಬಿಡದೆ, ಕ್ಷೇತ್ರದ ಅಷ್ಟೂ ಚೀಟಿಗಳ ಎಣಿಕೆಯನ್ನು ಆಯೋಗ ಕಡ್ಡಾಯ ಮಾಡಲಿ. ಎರಡು ದಿನ ಹಿಡಿದರೆ ಹಿಡಿಯಲಿ.