ಪಕ್ಕದ ಸೈಟಿನಲ್ಲಿ ಮನೆ ಏಳುತ್ತಿದೆ

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು." ಈ ಗಾದೆ ನಿಮಗೆ ಗೊತ್ತು. ಮನೆ ಕಟ್ಟುವವರ ಕಷ್ಟ ಅದರಲ್ಲಿದೆ. ಪಕ್ಕದ ಮನೆಯವರ ಕಷ್ಟ ಅದರಲ್ಲಿ ಇಲ್ಲ.

ಒಂದು ಓಣಿ ಇದೆ ಅಂದುಕೊಳ್ಳಿ. ಅಲ್ಲಿ ಒಬ್ಬಳು ಅಕ್ಕ ಹಪ್ಪಳ ಮಾಡಿ ಮಾರುತ್ತಾಳೆ. ಎಲ್ಲರೂ ಅವಳನ್ನು ಹಪ್ಪಳದಕ್ಕ ಅಂತಲೇ ಕರೆಯುತ್ತಾರೆ. ಅಂಗಳದ ಬಿಸಿಲೇ ಅವಳ ಬಂಡವಾಳ. ಪಕ್ಕದ ಸೈಟಿನಲ್ಲಿ ಈಗ ಮೂರು ಅಂತಸ್ತಿನ ಮನೆ ಏಳುತ್ತಿದೆ. ರಾತ್ರಿಯಾದರೂ ಕಾಂಕ್ರೀಟ್ ಮಿಷನ್ ನಿಲ್ಲೋದಿಲ್ಲ. ಕೂಸು ಮಲಗೋದಿಲ್ಲ. ಅತ್ತೆಗೆ ಕೆಮ್ಮು. ಹಪ್ಪಳದ ಮೇಲೆಲ್ಲ ಧೂಳು.

"ಅವರ ಜಾಗ, ಅವರ ದುಡ್ಡು. ನಾವು ಏನು ಕೇಳೋಕಾಗುತ್ತೆ?" ಅಂತಾಳೆ ಹಪ್ಪಳದಕ್ಕ.

ಕೇಳಬಹುದು. ಮನೆ ಕಟ್ಟುವುದು ತಪ್ಪಲ್ಲ. ಎಲ್ಲರಿಗೂ ಸೂರು ಬೇಕು. ಆದರೆ ಪಕ್ಕದವರಿಗೂ ಗಾಳಿ, ಬೆಳಕು, ನಿದ್ದೆ ಬೇಕು. ಕೇಳುವ ಮೊದಲು ತೊಂದರೆ ಎಷ್ಟು ಅಂತ ನಾವೇ ಅಳೆಯಬೇಕು.

ಸದ್ದನ್ನು ಅಳೆಯುವುದು ಹೇಗೆ?

ಅಕ್ಕಿಗೆ ಸೇರು, ಬಟ್ಟೆಗೆ ಮೀಟರು. ಸದ್ದಿಗೆ ಡೆಸಿಬಲ್. ಎದುರು ಕೂತು ಮಾತಾಡಿದರೆ ಸುಮಾರು 60 ಡೆಸಿಬಲ್. 10 ಡೆಸಿಬಲ್ ಏರಿದರೆ ಕಿವಿಗೆ ಸದ್ದು ಎರಡರಷ್ಟು ಅನ್ನಿಸುತ್ತದೆ.

2000ನೇ ಇಸವಿಯಲ್ಲಿ ಕೇಂದ್ರ ಸರ್ಕಾರ ಸದ್ದಿಗೆ ನಿಯಮ ಮಾಡಿತು. ಜನ ವಾಸಿಸುವ ಕಡೆ ಬೆಳಗ್ಗೆ 6ರಿಂದ ರಾತ್ರಿ 10ರವರೆಗೆ 55 ಡೆಸಿಬಲ್ ಮಿತಿ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45 ಡೆಸಿಬಲ್. ಇದು ಒಂದು ಗಳಿಗೆಯ ಸದ್ದಲ್ಲ. ಇಡೀ ಹೊತ್ತಿನ ಸರಾಸರಿ.

ನಮ್ಮ ಹತ್ತಿರ ಯಂತ್ರ ಇಲ್ಲವಲ್ಲ? ಕಿವಿ ಇದೆ. ಒಂದು ಮಾರು ದೂರವೂ ಇಲ್ಲದವರ ಜೊತೆ ಕೂಗಿ ಮಾತಾಡಬೇಕಾಯಿತೇ? ಹಾಗಾದರೆ ಸದ್ದು ಸುಮಾರು 85 ಡೆಸಿಬಲ್ ಮುಟ್ಟಿದೆ. ದಿನವೂ ತಾಸುಗಟ್ಟಲೆ ಅಂಥ ಸದ್ದು ಕೇಳಿದರೆ ಕಿವಿ ಮಂದವಾಗುತ್ತದೆ. ಮೊಬೈಲಿನಲ್ಲೂ ಸದ್ದು ಅಳೆಯಬಹುದು. ಅದು ಬರೀ ಅಂದಾಜು.

ಬಿಸಿಲನ್ನೂ ಅಳೆಯಬಹುದು

ಬೆಳಗ್ಗೆ 9ಕ್ಕೆ, ಮಧ್ಯಾಹ್ನ 12ಕ್ಕೆ, 3ಕ್ಕೆ ನೆರಳಿನ ಅಂಚಿಗೆ ಸುಣ್ಣದ ಗೆರೆ ಎಳೆಯಿರಿ. ಗೋಡೆ ಏರಿದಂತೆ ಗೆರೆ ಎಲ್ಲಿಗೆ ಬಂತು ನೋಡಿ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುತ್ತಾನೆ. ಆಗ ದಕ್ಷಿಣದ ಕಡೆ 30 ಅಡಿ ಕಟ್ಟಡ ಇದ್ದರೆ, ನಡು ಮಧ್ಯಾಹ್ನವೂ ಅದರ ನೆರಳು ನಮ್ಮ ಕಡೆ 20 ಅಡಿ ದಾಟುತ್ತದೆ.

ಕಾನೂನು ಏನು ಹೇಳುತ್ತದೆ?

ವಾಸದ ಜಾಗದಲ್ಲಿ ಸದ್ದು ಮಾಡುವ ಕಟ್ಟಡದ ಯಂತ್ರಗಳನ್ನು ರಾತ್ರಿ ಓಡಿಸಬಾರದು. 2010ರಲ್ಲಿ ಇದನ್ನು ನಿಯಮಕ್ಕೆ ಸೇರಿಸಿದರು. ಓಡಿಸಿದರೆ ಪೊಲೀಸರಿಗೆ ದೂರು ಕೊಡಬಹುದು. ತುರ್ತಿಗೆ 112.

ಕಟ್ಟಡಕ್ಕೆ ಪರವಾನಗಿ ಬೇಕು. ಸುತ್ತ ಎಷ್ಟು ಜಾಗ ಬಿಡಬೇಕು ಅಂತ ನಕ್ಷೆಯಲ್ಲಿ ಇರುತ್ತದೆ. ಆ ನಕ್ಷೆ ಪುರಸಭೆಯಲ್ಲೋ ಪಂಚಾಯಿತಿಯಲ್ಲೋ ಸಿಗುತ್ತದೆ. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಕೇಳಿ. ಬಡತನ ರೇಖೆಗಿಂತ ಕೆಳಗಿದ್ದರೆ ಶುಲ್ಕವೂ ಇಲ್ಲ. 30 ದಿನದೊಳಗೆ ಉತ್ತರ ಕೊಡಬೇಕು.

ಕಿಟಕಿಯ ಬೆಳಕಿನ ಮಾತು ಬೇರೆ. 20 ವರ್ಷ ತಡೆಯಿಲ್ಲದೆ ಮನೆಯೊಳಗೆ ಬಂದ ಬೆಳಕಿಗೆ ಹಕ್ಕು ಇದೆ. ಅದು 1882ರ ಕಾಯ್ದೆ. ಆದರೆ ಬಯಲು ಅಂಗಳದ ಬಿಸಿಲಿಗೆ ಆ ಹಕ್ಕು ಇಲ್ಲ. ಅದಕ್ಕೇ ತಳಪಾಯ ತೋಡುವ ಮೊದಲೇ ಹೋಗಿ ಮಾತಾಡಬೇಕು.

ಹಪ್ಪಳದಕ್ಕ ಏನು ಮಾಡಿದಳು?

ಮೊದಲು ನೋಟುಪುಸ್ತಕ ತೆಗೆದಳು. ಹೀಗೆ ಬರೆದಳು:

"ಸೋಮವಾರ. ರಾತ್ರಿ 10.30ರಿಂದ 12ರವರೆಗೆ ಮಿಷನ್ ಓಡಿತು. ಕೂಸು ಎರಡು ಸಲ ಎದ್ದು ಅತ್ತಿತು.
ಮಂಗಳವಾರ. ರಾತ್ರಿ 11ರವರೆಗೆ ಓಡಿತು. ಒಂದು ಮೊರ ಹಪ್ಪಳ ಧೂಳಾಯಿತು. ಎಸೆದೆ."

ಹತ್ತು ದಿನ ಬರೆದಳು. ಆಮೇಲೆ ಓಣಿಯ ಹೆಂಗಸರ ಜೊತೆ ಸೈಟಿಗೆ ಹೋದಳು. ಅಲ್ಲಿ ಇಟ್ಟಿಗೆ ಹೊರುವವರೂ ನಮ್ಮಂಥ ಹೆಣ್ಣುಮಕ್ಕಳೇ. ಅವರ ಜೊತೆ ಜಗಳ ಬೇಡ ಅಂತ ಮೊದಲೇ ಮಾತಾಗಿತ್ತು.

"ಮೇಸ್ತ್ರಿ ಅಣ್ಣ, ಇದನ್ನು ಓದಿ. ನಿಮ್ಮ ಯಜಮಾನರಿಗೂ ತೋರಿಸಿ" ಅಂದಳು.

ಮೇಸ್ತ್ರಿ ನಕ್ಕು ಸುಮ್ಮನಾದ. ಅವತ್ತು ರಾತ್ರಿಯೂ ಮಿಷನ್ ಓಡಿತು. ಮರುದಿನ ಹನ್ನೊಂದು ಹೆಂಗಸರು ದೂರು ಬರೆದು ಠಾಣೆಗೂ ಪುರಸಭೆಗೂ ಕೊಟ್ಟರು. ಯಾರೂ ಹೆಬ್ಬೆಟ್ಟು ಒತ್ತಲಿಲ್ಲ. ಎಲ್ಲರೂ ಸಹಿ ಹಾಕಿದರು. ಕೊಟ್ಟಿದ್ದಕ್ಕೆ ಸ್ವೀಕೃತಿ ಪಡೆದರು.

ರಾತ್ರಿ ಮಿಷನ್ ನಿಂತಿತು. ಧೂಳಿಗೆ ಪರದೆ ಕಟ್ಟಿದರು. ಆದರೆ ಕಟ್ಟಡ ನಕ್ಷೆಯ ಪ್ರಕಾರವೇ ಇತ್ತು. ಅಂಗಳದ ಬಿಸಿಲು ಅರ್ಧ ಹೋಯಿತು. ಹಪ್ಪಳದಕ್ಕ ಈಗ ಎದುರು ಮನೆಯ ತಾರಸಿಯಲ್ಲಿ ಒಣಗಿಸುತ್ತಾಳೆ. "ಮೊದಲೇ ಅಳೆದಿದ್ದರೆ, ಮೊದಲೇ ಕೇಳುತ್ತಿದ್ದೆ" ಅಂತಾಳೆ.

ಓಣಿಯ ಕೊನೆಯಲ್ಲಿ ಇನ್ನೊಂದು ಸೈಟು ಖಾಲಿ ಇದೆ. ಅವಳ ನೋಟುಪುಸ್ತಕದಲ್ಲೂ ಹಾಳೆಗಳು ಖಾಲಿ ಇವೆ.

ಮಾತಾಡಿ, ಬರೆಯಿರಿ

1. ನಿಮ್ಮ ಓಣಿಯಲ್ಲಿ ರಾತ್ರಿ 10ರ ಮೇಲೆ ಯಾವ ಸದ್ದು ಕೇಳುತ್ತದೆ?
2. ನಿಮ್ಮ ಮನೆಗೆ ಯಾವ ದಿಕ್ಕಿನಿಂದ ಬಿಸಿಲು ಬರುತ್ತದೆ? ಆ ಕಡೆ ಖಾಲಿ ಜಾಗ ಇದೆಯೇ?
3. ಈ ವಾರ ಕೇಳಿದ ಸದ್ದನ್ನು ದಿನ, ಹೊತ್ತು ಹಾಕಿ ಬರೆಯಿರಿ.