ಹಳೆಯ ಡೀಸೆಲ್ ವ್ಯಾನ್‌ನಲ್ಲಿ ಆರದ ಕೆಂಪು ದೀಪ

ಮುಂಬಯಿ ಮಹಾನಗರ ಹಾಗೂ ಉಪನಗರಗಳಲ್ಲಿ ವಾಶಿಯ ಸಗಟು ಮಾರುಕಟ್ಟೆಯಿಂದ ತರಕಾರಿ ಸಾಗಿಸುವುದು ಮೊದಲಾದ ಕೆಲಸಗಳಿಗೆ ಹಳೆಯ ಡೀಸೆಲ್ ವ್ಯಾನುಗಳನ್ನು ಬಳಸಲಾಗುತ್ತದೆ. ಇಂತಹ ವಾಹನದ ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿಯ ಚಿಹ್ನೆಯುಳ್ಳ ಕೆಂಪು ದೀಪ ಹೊತ್ತಿಕೊಂಡರೂ ಎಂಜಿನ್ ನಿಲ್ಲುವುದಿಲ್ಲ. ಒಮ್ಮೆ ಚಾಲನೆಗೊಂಡ ಹಳೆಯ ಮಾದರಿಯ ಡೀಸೆಲ್ ಎಂಜಿನ್ನಿಗೆ ಕಿಡಿಯ ಅಗತ್ಯವಿಲ್ಲದಿರುವುದೇ ಇದಕ್ಕೆ ಕಾರಣ. ಆದುದರಿಂದ ಚಾಲಕರು ದೀಪವನ್ನು ಅಲಕ್ಷಿಸಿ ಮುಂದುವರಿಯುವುದುಂಟು. ಇದು ಅಪಾಯಕರ.

ಪೆಟ್ರೋಲ್ ಎಂಜಿನ್ನಿನಲ್ಲಿ ಬ್ರೇಕಿಗೆ ನೆರವಾಗುವ ನಿರ್ವಾತವು ಗಾಳಿಯ ಸೇವನಾ ನಾಳದಲ್ಲಿಯೇ ಉಂಟಾಗುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಈ ಅನುಕೂಲವಿಲ್ಲ. ಅದಕ್ಕೆ ಪ್ರತ್ಯೇಕ ವ್ಯಾಕ್ಯೂಮ್ ಪಂಪ್ ಬೇಕು. ಅನೇಕ ಹಳೆಯ ವಾಹನಗಳಲ್ಲಿ ಈ ಪಂಪನ್ನು ಆಲ್ಟರ್ನೇಟರಿನ ಹಿಂಬದಿಗೆ ಜೋಡಿಸಿರುತ್ತಾರೆ. ಹೀಗಾಗಿ ಬೆಲ್ಟ್ ತುಂಡಾದರೆ ಬ್ಯಾಟರಿಗೆ ವಿದ್ಯುತ್ ನಿಲ್ಲುವುದರ ಜೊತೆಗೆ ಬ್ರೇಕಿನ ಬೂಸ್ಟರಿಗೂ ನಿರ್ವಾತ ದೊರೆಯದು. ಸಂಗ್ರಹದಲ್ಲಿರುವ ನಿರ್ವಾತ ಕೆಲವೇ ಸಲ ಬ್ರೇಕ್ ಒತ್ತುವುದರೊಳಗೆ ಮುಗಿದು ಪೆಡಲ್ ಕಲ್ಲಿನಂತಾಗುತ್ತದೆ. ಪುಣೆಯ ದಾರಿಯಲ್ಲಿ ಖಂಡಾಲಾ ಘಟ್ಟವನ್ನು ಭಾರ ಹೇರಿಕೊಂಡು ಇಳಿಯುವಾಗ ಹೀಗಾದರೆ ಪರಿಣಾಮವನ್ನು ಬಿಡಿಸಿ ಹೇಳಬೇಕಿಲ್ಲ. ಕೆಲವು ಎಂಜಿನ್ನುಗಳಲ್ಲಿ ನೀರಿನ ಪಂಪೂ ಅದೇ ಬೆಲ್ಟಿನಿಂದ ತಿರುಗುವುದರಿಂದ ತಾಪಮಾನದ ಮುಳ್ಳನ್ನೂ ಗಮನಿಸತಕ್ಕದ್ದು.

ಕಾರಣವನ್ನು ಪತ್ತೆ ಹಚ್ಚಲು ಮೊದಲು ಎಂಜಿನ್ ಚಾಲೂ ಮಾಡದೆ ಕೀಲಿಯನ್ನು ಮಾತ್ರ ತಿರುಗಿಸಬೇಕು. ಆಗ ದೀಪ ಹೊತ್ತಬೇಕು. ಎಂಜಿನ್ ಚಾಲೂ ಆದೊಡನೆ ಆರಬೇಕು. ಮೊದಲೇ ಹೊತ್ತದಿದ್ದರೆ ಸಮಾಧಾನಪಡುವಂತಿಲ್ಲ. ಹಲವು ಹಳೆಯ ಆಲ್ಟರ್ನೇಟರುಗಳು ಈ ಬಲ್ಬಿನ ಮೂಲಕ ಬರುವ ಅಲ್ಪ ವಿದ್ಯುತ್ತಿನಿಂದಲೇ ಎಚ್ಚರಗೊಳ್ಳುವುದರಿಂದ, ಬಲ್ಬ್ ಸುಟ್ಟಿದ್ದರೆ ಬ್ಯಾಟರಿ ಚಾರ್ಜ್ ಆಗದೇ ಹೋಗಬಹುದು. ಮಳೆಯಲ್ಲಿ ಕೀರಲು ಸದ್ದಿನೊಂದಿಗೆ ದೀಪ ಮಿನುಗಿದರೆ ಬೆಲ್ಟ್ ಜಾರುತ್ತಿರುವ ಸಂಭವ ಹೆಚ್ಚು. ಮಂದವಾಗಿ ಉರಿಯುತ್ತಿದ್ದರೆ ಡಯೋಡ್ ಅಥವಾ ವೈರಿನ ಜೋಡಣೆಯನ್ನು ಶಂಕಿಸಬಹುದು. ಕಡಲ ಗಾಳಿಯ ಊರಿನಲ್ಲಿ ತಾಮ್ರದ ತುದಿಗಳಿಗೆ ಹಸಿರು ಕಿಲುಬು ಹಿಡಿಯುವುದು ಸಾಮಾನ್ಯ.

ಬ್ಯಾಟರಿಯ ತುದಿಗಳಲ್ಲಿ ಅಳೆದಾಗ ಎಂಜಿನ್ ನಿಂತಿರುವಾಗ ಸುಮಾರು 12.5 ವೋಲ್ಟ್, ಓಡುವಾಗ ಸುಮಾರು 14 ವೋಲ್ಟ್ ಇರಬೇಕು. ಓಡುತ್ತಿರುವಾಗಲೇ ಬ್ಯಾಟರಿಯ ವೈರನ್ನು ಕಳಚಿ 'ಪರೀಕ್ಷಿಸುವ' ರಸ್ತೆಬದಿಯ ಪದ್ಧತಿಯನ್ನು ಸರ್ವಥಾ ಅನುಸರಿಸಬಾರದು. ಅದರಿಂದ ಡಯೋಡುಗಳು ಹಾಳಾಗುತ್ತವೆ.

ಬ್ರೇಕಿನ ಪರೀಕ್ಷೆಗೆ ಉಪಕರಣ ಬೇಕಿಲ್ಲ. ಎಂಜಿನ್ ನಿಲ್ಲಿಸಿ, ಪೆಡಲನ್ನು ಗಟ್ಟಿಯಾಗುವವರೆಗೆ ಹಲವು ಬಾರಿ ಒತ್ತಿ, ಕಾಲನ್ನು ಅದರ ಮೇಲೆಯೇ ಇಟ್ಟು ಚಾಲೂ ಮಾಡಬೇಕು. ಪೆಡಲ್ ತುಸು ಕೆಳಗಿಳಿದರೆ ನಿರ್ವಾತ ಉಂಟಾಗುತ್ತಿದೆಯೆಂದು ತಿಳಿಯಬಹುದು. ಇಳಿಯದಿದ್ದಲ್ಲಿ ಪಂಪ್, ಕೊಳವೆ ಅಥವಾ ಬೂಸ್ಟರ್ ಕೆಟ್ಟಿದೆಯೆಂದು ಭಾವಿಸಿ ವಾಹನವನ್ನು ರಸ್ತೆಗಿಳಿಸಬಾರದು.

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿದು ಅಸಂಖ್ಯ ವಾಹನಗಳು ಮುಳುಗಿದುದು ಪ್ರಸಿದ್ಧವಾಗಿದೆ. ಅಷ್ಟಲ್ಲದಿದ್ದರೂ, ಹಿಂದ್‌ಮಾತಾ ಅಥವಾ ಅಂಧೇರಿ ಸಬ್‌ವೇಯಲ್ಲಿ ನಿಂತ ನೀರನ್ನು ದಾಟಿದ ವಾಹನದ ಆಲ್ಟರ್ನೇಟರಿನ ಬ್ರಷ್ ಮತ್ತು ಬೇರಿಂಗ್‌ಗಳನ್ನು ಪರಿಶೀಲಿಸುವುದು ಒಳ್ಳೆಯದು.

ಇನ್ನೊಂದು ವಿಷಯ ಮೆಕ್ಯಾನಿಕರ ಕಣ್ಣಿಗೂ ಕೆಲವೊಮ್ಮೆ ತಪ್ಪುತ್ತದೆ. ವ್ಯಾಕ್ಯೂಮ್ ಪಂಪಿಗೆ ಎಂಜಿನ್ ಆಯಿಲ್ ಸಣ್ಣ ಕೊಳವೆಯಿಂದ ಬರುತ್ತದೆ. ಪಂಪಿನ ಸೀಲ್ ಸವೆದರೆ ಆ ಆಯಿಲ್ ಆಲ್ಟರ್ನೇಟರಿನೊಳಗೆ ಸೋರಿ ಬ್ರಷ್‌ಗಳನ್ನು ನೆನೆಸುತ್ತದೆ. ಸೀಲನ್ನು ಬದಲಿಸದೆ ಹೊಸ ಬ್ಯಾಟರಿಯನ್ನಾಗಲಿ ಬ್ರಷ್‌ಗಳನ್ನಾಗಲಿ ಹಾಕಿಸಿದರೆ ದೀಪ ಮತ್ತೆ ಹೊತ್ತುತ್ತದೆ. ಆಲ್ಟರ್ನೇಟರಿನ ಕೆಳಗೆ ಜಿಡ್ಡು ಕಂಡರೆ ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟವನ್ನು ಕೂಡಲೇ ನೋಡಬೇಕು; ಆಯಿಲ್ ದೀಪವೂ ಹೊತ್ತಿಕೊಂಡಲ್ಲಿ ಎಂಜಿನ್ನನ್ನು ಆ ಸ್ಥಳದಲ್ಲಿಯೇ ನಿಲ್ಲಿಸಿ ವಾಹನವನ್ನು ಎಳೆಸಿಕೊಂಡು ಹೋಗತಕ್ಕದ್ದು.